ಕುರುಡಿ ಪೆಗ್ ಸಂದಿಯ ಬೀಗ

ಯಾರ್ಕ್
ಶುಕ್ರವಾರ, 14 ಜೂನ್ 1968

ನನ್ನ ಮುದ್ದಿನ ಬೆರಿಲ್‌ಗೆ, ನಿನ್ನ ಸೋದರಮಾವ ಏಮಸ್ ಮಾಡುವ ಆಶೀರ್ವಾದಗಳು.

ಮೊದಲು ಆ ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೋ, ಪಕ್ಕದಲ್ಲಿ ಚಹಾ ಇಟ್ಟುಕೋ, ಆಮೇಲೆ ಓದು. ಸೈಕಲ್ಲಿನಿಂದ ಬೀಳುವುದಕ್ಕೆ ನಿನಗೆ ಬೇರೆ ವಾರವೇ ಸಿಗಲಿಲ್ಲವೇ? ನೀನು ನನ್ನ ಪಕ್ಕದಲ್ಲಿ ನಿಂತು ಆಗಾಗ ಮೊಣಕೈಯಿಂದ ತಿವಿಯುತ್ತಿದ್ದರೆ ಬುಧವಾರದ ಕಥೆಯೇ ಬೇರೆಯಾಗುತ್ತಿತ್ತು. ಒಳ್ಳೆಯದಾಗುತ್ತಿತ್ತೋ ಕೆಟ್ಟದಾಗುತ್ತಿತ್ತೋ, ಕೊನೆಯವರೆಗೆ ಓದಿ ನೀನೇ ಹೇಳು.

ಅಧಿಕಾರಿ ಬಂದಾಗ ಬಾಯಿಗೆ ಬೀಗ ಹಾಕಿಕೊಂಡಿರಬೇಕು, ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎನ್ನಬೇಕು, ಸುಳ್ಳು ಮಾತ್ರ ಹೇಳಕೂಡದು ಎಂದು ನೀನು ಬರೆದ ಚೀಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡೇ ಹೊರಟಿದ್ದೆ. ಸ್ಟೋನ್‌ಗೇಟ್ ಬೀದಿಯ ತಿರುವಿನವರೆಗೆ ನಿನ್ನ ಮಾತು ಉಳಿಸಿದೆ. ಆ ತಿರುವಿನಲ್ಲಿ ಏನಿದೆ ಎಂದು ನಿನಗೆ ಗೊತ್ತು. ಅಲ್ಲಿ ಸುಮ್ಮನೆ ಹಾದುಹೋಗು ಎಂದು ನನಗೆ ಹೇಳುವುದೂ ಒಂದೇ, ದೀಪದ ಕಂಬವನ್ನು ಮೂಸಬೇಡ ಎಂದು ನಾಯಿಗೆ ಹೇಳುವುದೂ ಒಂದೇ.

ಈ ಕಾಗದವನ್ನು ನಿನ್ನ ಅಮ್ಮ ಡೋರಾ ಕಿತ್ತುಕೊಂಡು ನೆರೆಹೊರೆಗೆಲ್ಲ ಓದಿ ಹೇಳುತ್ತಾಳೆ. ಅವರಿಗೂ ತಿಳಿಯಲಿ ಎಂದು ಬುಡದಿಂದಲೇ ಬರೆಯುತ್ತೇನೆ. ಡೋರಾ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ನಾವಿಬ್ಬರೂ ಕಲಿತದ್ದು ಒಂದೇ ಹಳ್ಳಿ ಶಾಲೆಯಲ್ಲಿ, ಒಂದೇ ಮೇಷ್ಟರ ಕೈಕೆಳಗೆ. ಅಕ್ಷರ ನಿನ್ನ ಪಾಲಿಗೆ ಬಂತು, ಬೆತ್ತ ನನ್ನ ಪಾಲಿಗೆ.

ಈ ಊರಿನ ಮುಂಬಾಗಿಲುಗಳು ಪಾದ್ರಿಗಳಿಗೂ ಪಂಡಿತರಿಗೂ ಗೊತ್ತು. ಹಿಂಬಾಗಿಲುಗಳು ಗೊತ್ತಿರುವುದು ನನಗೆ. ಕಲ್ಲಿದ್ದಲಿನ ಮೂಟೆ ಹೊತ್ತವನನ್ನು ಯಾವ ಮನೆಯವರೂ ಮುಂಬಾಗಿಲಿಗೆ ಕರೆಯುವುದಿಲ್ಲ. ಬೆನ್ನು ಬಾಗುವ ತನಕ ನಾನು ಓಡಾಡಿದ್ದು ಸಂದಿಗೊಂದಿಗಳಲ್ಲೇ. ಮೂಟೆ ಇಳಿಸಿದ ಮೇಲೆ ಅದೇ ಸಂದಿಗಳಿಗೆ ನೋಡುಗರನ್ನು ಕರೆದುಕೊಂಡು ಹೋಗತೊಡಗಿದೆ. ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿನ ಗೋಪುರಗಳನ್ನಾಗಲಿ ಕೋಟೆಯ ಗೋಡೆಯನ್ನಾಗಲಿ ಯಾರೂ ತೋರಿಸಬೇಕಾಗಿಲ್ಲ, ಬೇಡವೆಂದರೂ ಕಣ್ಣಿಗೆ ಬೀಳುತ್ತವೆ. ಅಡಗಿರುವುದನ್ನು ತೋರಿಸುವವನು ಬೇಕು. ಏಮಸ್ ಥ್ವೇಟ್ ತೋರಿಸದ ಯಾರ್ಕ್ ಅರ್ಧ ಯಾರ್ಕ್ ಎಂದು ಊರಿನಲ್ಲಿ ಹೇಳುತ್ತಾರೆ. ಮೊದಲು ಹೇಳಿದವನು ನಾನೇ, ಇರಲಿ.

ನನ್ನ ಸಂದಿಗಳಲ್ಲೆಲ್ಲ ರಾಣಿಯಂಥದು ಕುರುಡಿ ಪೆಗ್ ಸಂದಿ. ಕ್ರ್ಯಾಬ್‌ಟ್ರೀಯ ಬೇಕರಿಯ ಪಕ್ಕದಲ್ಲಿ, ಅಂಗಡಿಯದೇ ಒಂದು ಕಪಾಟು ಎಂಬಂತೆ ಬಾಯಿ ತೆರೆದುಕೊಂಡಿದೆ. ಒಳಗೆ ಇಬ್ಬರು ಎದುರಾದರೆ ಒಬ್ಬರು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಕು. ತಲೆಯ ಮೇಲೆ ಮರದ ತೊಲೆಗಳು, ಆಚೆ ತುದಿಯಲ್ಲಿ ಕೈತೋಟದ ಪುಟ್ಟ ಅಂಗಳ, ಅಂಗಳದ ಸುತ್ತ ಹಳೆಯ ಇಟ್ಟಿಗೆಯ ಮನೆಗಳು. ಸಂದಿಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಉದ್ದಕ್ಕೂ ಒಂದು ಸವೆದ ಗೆರೆಯಿದೆ. ಪೆಗ್ ಎಂಬ ಕುರುಡಿ ಗೋಡೆ ಸವರಿಕೊಂಡು ಓಡಾಡಿ ಬಿದ್ದ ಗೆರೆ ಅದು ಎಂದು ನಾನು ನೋಡುಗರಿಗೆ ಹೇಳುತ್ತೇನೆ. ಅದು ನನ್ನ ಮೂಟೆಗಳು ಉಜ್ಜಿ ಬಿದ್ದ ಗೆರೆ ಎಂದು ನೆಲ್ ಹೇಳುತ್ತಾಳೆ.

ನೆಲ್ ಯಾರೆಂದು ಡೋರಾಳ ನೆರೆಯವರಿಗೆ ಗೊತ್ತಿಲ್ಲ. ಆ ಅಂಗಳದ ಮೂಲೆ ಮನೆಯವಳು. ರೈಲ್ವೆಯಲ್ಲಿ ಸಿಗ್ನಲ್ ನೋಡುತ್ತಿದ್ದ ಗಂಡ ಯುದ್ಧಕ್ಕೂ ಮೊದಲೇ ತೀರಿಕೊಂಡ. ಮಿನ್‌ಸ್ಟರ್‌ನಲ್ಲಿ ಹಾಡುವವರ ಬಿಳಿ ಅಂಗಿಗಳು ಹರಿದರೆ ಹೊಲಿದುಕೊಡುವುದು ಅವಳ ಕೆಲಸ. ಗಂಟು ಬಗಲಿಗಿಟ್ಟುಕೊಂಡು, ಕೋಲೂರಿಕೊಂಡು, ಸಂದಿಯಲ್ಲಿ ನುಸುಳಿದರೆ ಮಿನ್‌ಸ್ಟರ್‌ನ ಪಕ್ಕದ ಬಾಗಿಲು ಎದುರಿಗೇ. ಸಂದಿ ಇಲ್ಲದಿದ್ದರೆ ಗುಂಡುಕಲ್ಲಿನ ಬೀದಿಯಲ್ಲಿ ಇಡೀ ಕೇರಿಯನ್ನು ಸುತ್ತಬೇಕು. ಅವಳ ಸೊಂಟ ಅದನ್ನು ತಾಳುವುದಿಲ್ಲ. ಸಂದಿ ಮುಚ್ಚಿದರೆ ಅಂಗಳ ಬಿಟ್ಟು ಊರಾಚೆ ಆಕಂನಲ್ಲಿರುವ ನಾದಿನಿಯ ಮನೆಗೆ ಹೋಗುತ್ತೇನೆ ಎಂದು ಅವಳು ಆಗಲೇ ಪೆಟ್ಟಿಗೆ ಇಳಿಸಿ ಇಟ್ಟಿದ್ದಳು. ನಾದಿನಿ ಒಳ್ಳೆಯವಳೇ. ಆದರೆ ಅಲ್ಲಿ ಹೊಲಿಯಲು ಯಾರ ಅಂಗಿಯೂ ಇಲ್ಲ. ನಾನು ಸುಳ್ಳುಗಾರ ಎಂದು ದಿನಕ್ಕೊಂದು ಸಲ ಹೇಳಲು ನಾನೂ ಇಲ್ಲ.

ಮುಚ್ಚುವವನು ಯಾರು? ಹೋಟೆಲಿನವನು. ಕ್ರ್ಯಾಬ್‌ಟ್ರೀಗೆ ಮಕ್ಕಳಿಲ್ಲ. ಬೇಕರಿಯನ್ನು ಅಕ್ಕನ ಮಗನ ಹೆಸರಿಗೆ ಬರೆದು ತಾನು ಅಂಗಳದ ಒಂದು ಕೋಣೆಯಲ್ಲಿ ಉಳಿದುಕೊಂಡ. ಆ ಅಕ್ಕನ ಮಗ ಅದನ್ನು ಹೋಟೆಲಿಗೆ ಮಾರಿದ. ಹೋಟೆಲಿನವನಿಗೆ ಸಂದಿಯಲ್ಲಿ ಬೀರು ಪೀಪಾಯಿಗಳನ್ನು ಇಡಬೇಕಂತೆ.

ಇನ್ನು ಕಾನೂನು. ಅಂಗಳದವರ ಪರ ವಕೀಲರ ಕಚೇರಿಯಲ್ಲಿರುವ ನೀನು ನನಗೆ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಒಬ್ಬರ ಜಾಗದ ದಾರಿಯಲ್ಲಿ ಊರವರು ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದರೆ ಅದು ಊರಿನ ದಾರಿ. ಕದ್ದು ನಡೆದಿರಬಾರದು, ಅಪ್ಪಣೆ ಕೇಳಿ ನಡೆದಿರಬಾರದು, ಬೀಗ ಬೇಲಿ ಮುರಿದು ನಡೆದಿರಬಾರದು. ದಾರಿ ಕೈತಪ್ಪಬಾರದು ಎನ್ನುವ ಯಜಮಾನ ವರ್ಷಕ್ಕೊಂದು ದಿನ ಅದಕ್ಕೆ ಬೀಗ ಹಾಕಿದರೆ ಸಾಕು, ಲೆಕ್ಕ ಮತ್ತೆ ಮೊದಲಿಂದ. ಕ್ರ್ಯಾಬ್‌ಟ್ರೀಯ ಅಪ್ಪ, ಅಜ್ಜ ಎಲ್ಲರೂ ಗುಡ್‌ಫ್ರೈಡೇ ದಿನ ಬೀಗ ಹಾಕುತ್ತಿದ್ದರು. ಶಿಲುಬೆಯ ಗೆರೆಯೆಳೆದ ಬನ್ನು ಬೇಯಿಸಲು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲೇ ಇರುವ ದಿನ ಅದು. ಬನ್ನೂ ನೋಡಿಕೊಂಡ ಹಾಗಾಯಿತು, ಬೀಗವನ್ನೂ ಕಾದ ಹಾಗಾಯಿತು. ಈ ಕ್ರ್ಯಾಬ್‌ಟ್ರೀಯೂ ಒಂದು ವರ್ಷ ತಪ್ಪಿಸಿದವನಲ್ಲ. ಹಿಟ್ಟಿನ ಕೈಯಲ್ಲೇ ಬಂದು ಕಬ್ಬಿಣದ ಗೇಟಿಗೆ ಮುಷ್ಟಿಗಾತ್ರದ ಬೀಗವನ್ನು ಒತ್ತಿ ಹಾಕಿ ಹೋಗುತ್ತಿದ್ದ.

ಆ ಬೀಗವನ್ನು ತೆರೆಯುತ್ತಿದ್ದವನು ಯಾರು? ನಾನು.

ನಗಬೇಡ. ಇದರ ಮೇಲೆ ನನ್ನ ಹೆಸರೇ ನಿಂತಿತ್ತು. ಗುಡ್‌ಫ್ರೈಡೇ ಮಧ್ಯಾಹ್ನ ಜನ ಸೇರುತ್ತಿದ್ದರು. ನಾನು ಬೀಗದ ಮುಂದೆ ಮಂಡಿಯೂರುತ್ತಿದ್ದೆ. ಹೆಂಗಸರ ತಲೆಪಿನ್ನು ಒಂದನ್ನು ಎತ್ತಿ ಎಲ್ಲರಿಗೂ ತೋರಿಸಿ, ಬೀಗದ ತೂತಿಗೆ ಹಾಕಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಒಂದು ತಿರುವು. ಬೀಗ ಬಾಯಿ ಬಿಡುತ್ತಿತ್ತು. ಜನ ಚಪ್ಪಾಳೆ ತಟ್ಟಿ ಸಂದಿಯಲ್ಲಿ ಸಾಲಾಗಿ ಸಾಗುತ್ತಿದ್ದರು. ಎರಡು ವರ್ಷದ ಹಿಂದೆ ಪತ್ರಿಕೆಯಲ್ಲಿ ಫೋಟೋ ಕೂಡ ಬಂತು. ನಾನು, ಪಿನ್ನು, ಹಿಂದೆ ಸಂದಿಯಲ್ಲಿ ಸಾಗುತ್ತಿರುವ ಜನ. ನಾನದನ್ನು ದೊಡ್ಡದು ಮಾಡಿಸಿ ಪಬ್ಬಿನ ಗೋಡೆಗೆ ಅಂಟಿಸಿ, ಕೆಳಗೆ 'ಯಾವ ಬೀಗವೂ ತಡೆಯಲಾರದ ಕೈ' ಎಂದು ಕೆಂಪು ಅಕ್ಷರದಲ್ಲಿ ಬರೆಸಿದೆ.

ಹೋಟೆಲಿನ ವಕೀಲ ಡೆಲಫೀಲ್ಡ್ ಆ ಪಬ್ಬಿಗೆ ಬೀರು ಕುಡಿಯಲು ಬಂದಿದ್ದನಂತೆ. ಕುಡಿದು ಎದ್ದು ಹೋಗುವಾಗ ಅದರ ಒಂದು ಪ್ರತಿ ಅವನ ಚೀಲದಲ್ಲಿತ್ತು. ಪಿನ್ನಿನಿಂದ ತೆರೆದರೂ ಬೀಗ ಮುರಿದಂತೆಯೇ, ನೀನೇ ಸಾಕ್ಷಿ ಬರೆದುಕೊಟ್ಟಿದ್ದೀಯೆ ಮಾವ, ಎಂದು ನೀನು ಫೋನಿನಲ್ಲಿ ಹೇಳಿದಾಗ ನಿನ್ನ ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಕ್ರ್ಯಾಬ್‌ಟ್ರೀ ಒಂದು ಮಾತು ಆಡಬಹುದಿತ್ತು. ಅಕ್ಕನ ಮಗನ ವಿರುದ್ಧವೂ ಆಡುವುದಿಲ್ಲ, ಅಂಗಳದವರ ವಿರುದ್ಧವೂ ಆಡುವುದಿಲ್ಲ ಎಂದು ಅವನು ತುಟಿ ಹೊಲಿದುಕೊಂಡು ಕೂತಿದ್ದ.

ಸಂದಿ ಊರಿನ ದಾರಿಯೋ ಅಲ್ಲವೋ ಎಂದು ತೀರ್ಮಾನಿಸಲು ಬುಧವಾರ ಸರ್ಕಾರದ ಅಧಿಕಾರಿ ಬಂದರು. ಪೆಂಗಲಿ ಎಂದು ಹೆಸರು, ದಕ್ಷಿಣದ ಕಡಲತೀರದವರು. ಸಣ್ಣ ಆಳು, ದೊಡ್ಡ ಮಳೆಕೋಟು, ಮಾತು ಕಮ್ಮಿ. ಕಡತ ಓದಿದ್ದೇನೆ, ಈಗ ನೆಲ ನೋಡಬೇಕು, ಮಿನ್‌ಸ್ಟರ್ ಕಡೆಯಿಂದ ನಡೆದೇ ಹೋಗೋಣ ಎಂದರು. ಒಂದು ಪಕ್ಕ ಡೆಲಫೀಲ್ಡ್, ಇನ್ನೊಂದು ಪಕ್ಕ ನಾನು, ನನ್ನ ಟೋಪಿಯೊಳಗೆ ನೀನು.

ಸ್ಟೋನ್‌ಗೇಟಿನ ತಿರುವು ಬಂತು. ಪೆಂಗಲಿಯವರು ತಲೆ ಬಗ್ಗಿಸಿ ಕಲ್ಲು ನೋಡಿಕೊಂಡು ಹೋಗುತ್ತಿದ್ದಾರೆ, ಅವರ ನೆತ್ತಿಯ ಮೇಲೆ ಕೆಂಪು ದೆವ್ವ ಕೂತಿದೆ! ಕೆತ್ತಿದ ಬೊಂಬೆ, ಎದೆಗೆ ಸರಪಳಿ, ತಲೆಗೆ ಕೊಂಬು. ಇಂಥಾದ್ದನ್ನು ನೋಡದೆ ಒಬ್ಬ ಮನುಷ್ಯ ಹೋಗುತ್ತಿದ್ದರೆ ಕೈಹಿಡಿದು ನಿಲ್ಲಿಸದಿರುವುದು ಪಾಪ. ಸರ್, ಮೇಲೆ ನೋಡಿ, ಎಂದುಬಿಟ್ಟೆ. ಹಿಂದೆ ಇದು ಪುಸ್ತಕ ಅಚ್ಚು ಹಾಕುವವರ ಅಂಗಡಿ, ಅವರ ಗುರುತು ಈ ದೆವ್ವ ಎಂದೆ. ಪೆಂಗಲಿಯವರು ಮಳೆಹನಿ ಬಿದ್ದ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಹೊತ್ತು ನೋಡಿದರು. ಇನ್ನೇನಿದೆ ಎಂದು ಕೇಳಿದರು. ಬೆರಿಲ್, ಅವರೇ ಕೇಳಿದ್ದು.

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಗೋಡೆಯ ಮೇಲೆ ಹತ್ತುತ್ತಿರುವ ಕಲ್ಲುಬೆಕ್ಕು ತೋರಿಸಿದೆ. ಗುಡ್ರಮ್‌ಗೇಟಿನ ಅಂಗಡಿ ಸಾಲಿನ ಹಿಂದೆ ಅಡಗಿರುವ ಪುಟ್ಟ ಚರ್ಚಿಗೆ ಕರೆದುಕೊಂಡು ಹೋದೆ. ಅದರ ನೆಲ ಅಲೆಯ ಹಾಗೆ ಏರಿಳಿದಿದೆ, ಬೆಂಚುಗಳು ಬಾಗಿಲಿರುವ ಪೆಟ್ಟಿಗೆಗಳಂತಿವೆ. ಪಕ್ಕದ ಕೋಣೆಯಲ್ಲಿ ನಿಂತವನಿಗೂ ಪೂಜಾಪೀಠ ಕಾಣಲೆಂದು ಗೋಡೆಯಲ್ಲಿ ಓರೆಯಾಗಿ ಕೊರೆದ ಒಂದು ಕಂಡಿ ಇದೆ. ಪೆಂಗಲಿಯವರು ಬಗ್ಗಿ ಆ ಕಂಡಿಗೆ ಕಣ್ಣಿಟ್ಟರು. ಎದ್ದು ನಿಂತಾಗ ಬೇರೆಯೇ ದನಿಯಲ್ಲಿ ಹೇಳಿದರು: ದೊಡ್ಡ ಚರ್ಚನ್ನು ಕಟ್ಟಿದವರ ಹೆಸರು ಪುಸ್ತಕದಲ್ಲಿದೆ, ಈ ಕಂಡಿಯನ್ನು ಕೊರೆದವನ ಹೆಸರು ಎಲ್ಲಿದೆ?

ಇದಕ್ಕೆ ನಾನು ಯಾವ ಕಥೆಯನ್ನೂ ಕಟ್ಟಲಿಲ್ಲ. ಸಂದಿಗಳೂ ಹಾಗೇ ಸರ್, ಎಂದೆ. ಅವನ್ನು ಯಾರೂ ಕಟ್ಟಲಿಲ್ಲ. ಎರಡು ಮನೆಯವರು ಗೋಡೆ ಎಬ್ಬಿಸಿದರು, ನಡುವೆ ಜನ ನಡೆಯುತ್ತಲೇ ಇದ್ದರು, ಅದಕ್ಕೇ ಅಷ್ಟು ಜಾಗ ಉಳಿಯಿತು. ನಡೆಯುವುದು ನಿಂತ ದಿನ ಅದು ಬರೀ ಎರಡು ಗೋಡೆ. ಇಷ್ಟು ಹೇಳಿ ನನಗೇ ಆಶ್ಚರ್ಯವಾಯಿತು. ಡೆಲಫೀಲ್ಡ್ ಗಡಿಯಾರ ನೋಡಿಕೊಂಡ.

ಸಂದಿಯ ಬಾಯಿಗೆ ಬಂದೆವು. ಹಳೆಯ ಗೇಟು ತೆರೆದಿತ್ತು. ಒಂದು ಪಕ್ಕ ಕ್ರ್ಯಾಬ್‌ಟ್ರೀ ಕುರ್ಚಿ ಹಾಕಿಕೊಂಡು ಕೋಲಿನ ಮೇಲೆ ಗದ್ದ ಊರಿ ಕೂತಿದ್ದ. ನೆಲ್ ತನ್ನ ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು, ಬೂದು ಬಣ್ಣದ ಒಳ್ಳೆಯ ಕೋಟು, ತುರುಬು ಬಿಗಿಯಾಗಿ ಕಟ್ಟಿದ್ದಳು. ಡೆಲಫೀಲ್ಡ್ ಚೀಲದಿಂದ ಆ ಬೀಗವನ್ನು ತೆಗೆದ. ಅಂಗಡಿಯ ಜೊತೆಗೆ ಹೋಟೆಲಿಗೆ ಹೋಗಿತ್ತು ಅದು. ಗೇಟು ಮುಚ್ಚಿ ಬೀಗ ಸಿಕ್ಕಿಸಿ ಒತ್ತಿದ. ಟಕ್ ಎಂದಿತು. ನಂತರ ನನ್ನ ಫೋಟೋ ತೆಗೆದು ಪೆಂಗಲಿಯವರ ಕೈಗಿಟ್ಟು, ಇದು ಬರೀ ಬಡಾಯಿ ಅಲ್ಲ ಎನ್ನುವುದಾದರೆ ಸಾಕ್ಷಿಯವರು ಈಗಲೇ ತೆರೆದು ತೋರಿಸಲಿ ಎಂದ.

ಆ ಒಂದು ಗಳಿಗೆಯಲ್ಲಿ ನನ್ನ ತಲೆ ಎಂದೂ ಓಡದ ಹಾಗೆ ಓಡಿತು ಬೆರಿಲ್. ನಾನು ಬೀಗ ತೆರೆದರೆ ಮುರಿದವನಾಗುತ್ತೇನೆ, ಸಂದಿ ಹೋಗುತ್ತದೆ. ತೆರೆಯಲು ಬರದಿದ್ದರೆ? ಜನ ಸಾಗುತ್ತಿರುವುದು ಫೋಟೋದಲ್ಲೇ ಇದೆ. ತೆರೆದವನು ನಾನಲ್ಲ ಎಂದರೆ ಬೀಗ ಬಿದ್ದೇ ಇರಲಿಲ್ಲ ಎಂದಾಗುತ್ತದೆ. ನನ್ನ ಬಡಾಯಿ ಸುಳ್ಳಾದರೆ ನೆಲ್‌ಳ ದಾರಿ ಉಳಿಯುತ್ತದೆ. ನಾಲಿಗೆ ಸುಳ್ಳು ಹೇಳಬಾರದು ಎಂದು ನೀನು ಬರೆದಿದ್ದೆ. ಕೈಯ ಬಗ್ಗೆ ಏನೂ ಬರೆದಿರಲಿಲ್ಲ.

ಪಿನ್ನು ಎಂದಿನಂತೆ ನನ್ನ ಕೋಟಿನ ಅಂಚಿನಲ್ಲಿತ್ತು. ಮಂಡಿಯೂರಿದೆ. ಸೋಲಬೇಕೆಂದು ಕೂತದ್ದು ಜನ್ಮದಲ್ಲಿ ಅದೇ ಮೊದಲು. ಪಿನ್ನನ್ನು ತಲೆಕೆಳಗು ಹಿಡಿದೆ, ತಿರುವಬೇಕಾದ ಕಡೆ ತಿರುವಲಿಲ್ಲ. ಮುಲುಗಿದೆ, ಬೆವರು ಒರೆಸಿಕೊಂಡೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಮೀನಿನಂಗಡಿಯವನು, ಏನು ಏಮಸ್, ಕೈಗೆ ಮುಪ್ಪು ಬಂತೋ ಎಂದು ಕೂಗಿದ. ನುಂಗಿಕೊಂಡೆ. ಆಗುವುದಿಲ್ಲ ಸರ್, ಎಂದು ಹೇಳಿ, ಬೇಸರದವನಂತೆ ಬೀಗಕ್ಕೆ ಒಂದು ಏಟು ಹಾಕಿದೆ.

ಬೀಗ ಬಾಯಿ ಬಿಟ್ಟು ನನ್ನ ಬೂಟಿನ ಮೇಲೆ ಬಿತ್ತು.

ಮೀನಿನಂಗಡಿಯವನು ಚಪ್ಪಾಳೆ ತಟ್ಟಿದ. ಬೇರೆಯವರೂ ತಟ್ಟಿದರು. ಡೆಲಫೀಲ್ಡ್ ಟೋಪಿ ತೆಗೆದು ನನಗೆ ಬಗ್ಗಿದ. ಇಷ್ಟು ವರ್ಷ ಆ ಚಪ್ಪಾಳೆಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಅವತ್ತು ಅದು ಗೋರಿಗೆ ಮಣ್ಣು ಹಾಕುವ ಸದ್ದಿನ ಹಾಗೆ ಕೇಳಿಸಿತು. ನೆಲ್‌ಳ ಮುಖ ನೋಡಲು ಧೈರ್ಯ ಬರಲಿಲ್ಲ. ಅಂತೂ ನೋಡಿದೆ. ಅವಳು ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನೆಲ್ ನಗುತ್ತಿದ್ದಳು.

ಆಗ ಕ್ರ್ಯಾಬ್‌ಟ್ರೀ ಕೋಲಿನಿಂದ ಗದ್ದ ಎತ್ತಿದ.

"ಸರ್, ಅದನ್ನ ಇನ್ನೊಂದ್ಸಲ ಹಾಕಿ. ಪಿನ್ನೂ ಬೇಡ, ಏಮಸ್ಸೂ ಬೇಡ. ನಿಮ್ಮ ಕಿರುಬೆರಳು ಸಿಕ್ಸಿ ಎಳೀರಿ."

ಪೆಂಗಲಿಯವರು ಬೀಗ ಹಾಕಿದರು. ಟಕ್ ಎಂದಿತು. ಕಿರುಬೆರಳಿನಿಂದ ಎಳೆದರು. ತೆರೆದುಕೊಂಡಿತು. ಡೆಲಫೀಲ್ಡ್ ತಾನೇ ಹಾಕಿ ಎಳೆದ. ತೆರೆದುಕೊಂಡಿತು. ಮೀನಿನಂಗಡಿಯವನು ನನಗೂ ಕೊಡಿ ಎಂದ.

ಮಹಾ ಪ್ರವಾಹದ ವರ್ಷ, ಅಂದರೆ 1947ರಲ್ಲಿ, ಊಜ್ ನದಿ ಬೇಕರಿಯೊಳಗೆ ನುಗ್ಗಿದಾಗ ಬೀಗವೂ ಕೆಸರಿನಲ್ಲಿ ಮುಳುಗಿತ್ತಂತೆ. ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು ಉದುರಿಹೋಯಿತು. ನೋಡಲು ಬೀಗ, ಒಳಗೆ ಏನೂ ಇಲ್ಲ. ಗೊತ್ತಿದ್ದೂ ಯಾಕೆ ಹಾಕುತ್ತಿದ್ದಿರಿ ಎಂದು ಪೆಂಗಲಿಯವರು ಕೇಳಿದರು.

"ಹಾಕದೇ ಇದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಿದ್ದ ಸರ್. ಅವನಿಗೋಸ್ಕರ ನೇತುಹಾಕ್ತಿದ್ದೆ. ಜನರನ್ನ ತಡೀಬೇಕು ಅಂತ ಅಲ್ಲ. ಗುಡ್‌ಫ್ರೈಡೇ ದಿನ ನೆಲ್ ಚರ್ಚಿಗೆ ಹೋಗ್ಬೇಕು, ಅವಳ ದಾರಿಗೆ ಬೀಗ ಜಡಿಯೋಕೆ ನಾನೇನು ಕ್ರಿಸ್ತನ ಶತ್ರುವೇ?"

ಸುಮ್ಮನೇಕೆ ಇದ್ದೆ, ನನಗೇಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ನಿಂಗೆ ಹೇಳೋದಾ? ವರ್ಷಾ ವರ್ಷಾ ಡಾಕ್ಟರ ಹಾಗೆ ಮುಖ ಮಾಡ್ಕೊಂಡು ಮಂಡಿ ಊರ್ತಿದ್ದೆ. ಜನ ಬಾಯಿ ಬಿಟ್ಕೊಂಡು ನೋಡಿ, ಆಮೇಲೆ ಹಸಿವಾಗಿ ನನ್ನ ಬನ್ನು ತಿಂತಿದ್ರು. ಮಧ್ಯಾಹ್ನಕ್ಕೆ ತಟ್ಟೆ ಖಾಲಿ. ಬುದ್ಧಿ ಇರೋನು ಯಾರಾದ್ರೂ ಹೇಳ್ತಾನಾ?"

ಬೀದಿಗೆ ಬೀದಿಯೇ ನಕ್ಕಿತು. ಸಂದಿ ಉಳಿಯಿತು ಎಂದು ನೀನು ಅಂದುಕೊಂಡಿರುತ್ತೀಯೆ. ನಾನೂ ಅಂದುಕೊಂಡೆ. ಆದರೆ ಡೆಲಫೀಲ್ಡ್ ದಡ್ಡನಲ್ಲ. ನಗು ಅಡಗುವವರೆಗೆ ಕಾದು, ನನ್ನ ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟ. ನಾನು ಬೆಣ್ಣೆ ಹಚ್ಚುವುದರಲ್ಲಿ ಪಂಡಿತ, ಆದರೂ ಅಂಥ ಬೆಣ್ಣೆ ನೋಡಿರಲಿಲ್ಲ.

"ಥ್ವೇಟ್ ಅವ್ರೇ, ಮುದುಕರು ಈಗ ಏನಾದ್ರೂ ಹೇಳ್ಲಿ. ಬೀಗ ಹೋದ ತಿಂಗಳು ಕೆಟ್ಟಿರಬಹುದು. ನಿಮ್ಮಂಥ ಕೈಗೆ ಸತ್ತ ಬೀಗ ಯಾವುದು, ಬದುಕಿರೋದು ಯಾವುದು ಅಂತ ಗೊತ್ತಾಗಲ್ವಾ? ಇಷ್ಟು ವರ್ಷ ಒಳಗೆ ಏನೋ ಜರುಗಿದ್ದು ನಿಮ್ಮ ಬೆರಳಿಗೆ ತಿಳಿದಿತ್ತು ತಾನೇ?"

ಈಗ ನಿನಗೊಂದು ನಿಜ ಬರೆಯುತ್ತೇನೆ. ತಿಳಿದಿತ್ತು. ಇವತ್ತಿಗೂ ಬೈಬಲ್ ಮುಟ್ಟಿ ಹೇಳಬಲ್ಲೆ, ವರ್ಷಾ ವರ್ಷಾ ಪಿನ್ನಿನ ತುದಿಯಲ್ಲಿ ಏನೋ ಮಿಸುಕಿ, ಸರಿದು, ನನಗೆ ದಾರಿ ಬಿಟ್ಟದ್ದು ನನ್ನ ಬೆರಳಿಗೆ ಗೊತ್ತಾಗಿತ್ತು. ಇಲ್ಲದ ಸ್ಪ್ರಿಂಗು ಹೇಗೆ ಮಿಸುಕಿತು? ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಾನು ನೋಡುಗರಿಗೆ ಹೇಳುವ ಕಥೆಗಳಲ್ಲಿ ಎಷ್ಟೋ ಸುಳ್ಳು ಎಂದು ನನಗೆ ಗೊತ್ತು. ಇದೊಂದೇ ನಿಜ ಎಂದು ನಂಬಿದ್ದೆ. ಪಿನ್ನಿಲ್ಲದೆ ಒಂದು ಸಲ ಎಳೆದು ನೋಡುವ ಬುದ್ಧಿ ಬರಲೇ ಇಲ್ಲ. ಬೆರಳಿಗೂ ಹೊಗಳಿಕೆ ಬೇಕಾಗಿತ್ತೋ ಏನೋ.

ಹೌದು ಎಂದರೆ ಸಾಕಿತ್ತು. ನೀನು ಹೇಳಿಕೊಟ್ಟ ಎರಡು ಮಾತಿನಲ್ಲಿ ಒಂದು ಅದು. ಸುಳ್ಳೂ ಅಲ್ಲ. ಪಬ್ಬಿನ ಗೋಡೆಯ ಮೇಲೆ ಫೋಟೋ ಉಳಿಯುತ್ತಿತ್ತು, ಮೀನಿನಂಗಡಿಯವನ ಬಾಯಿ ಮುಚ್ಚುತ್ತಿತ್ತು. ಪೆಂಗಲಿಯವರು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. ಗೇಟಿನ ಸರಳುಗಳ ಆಚೆ ಸಂದಿಯ ಗೋಡೆಯಲ್ಲಿ ಆ ಸವೆದ ಗೆರೆ ಕಾಣುತ್ತಿತ್ತು. ನೆಲ್ ನಗುವುದನ್ನು ನಿಲ್ಲಿಸಿದ್ದಳು.

"ನನ್ನ ಬೆರಳು ಹೇಳಿದ್ದನ್ನ ಬರ್ಕೋಬೇಡಿ ಸರ್. ನಂಗೆ ಬೀಗದ ವಿದ್ಯೆ ಗೊತ್ತಿಲ್ಲ. ನಾನು ಕಲ್ಲಿದ್ದಲು ಹೊರ್ತಿದ್ದೋನು. ಬಾಗಿಲು ತೆಗೆದೇ ಇತ್ತು, ನಾನೇ ತೆಗೆದೆ ಅಂತ ಊರಿಗೆಲ್ಲ ಸಾರಿದೆ. ಅಷ್ಟೇ ನಾನು ಮಾಡಿದ್ದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಪೆಂಗಲಿಯವರು ನಿಧಾನವಾಗಿ ಬರೆದುಕೊಂಡು, ಬರೆದದ್ದನ್ನು ನನಗೆ ಓದಿ ಹೇಳಿ, ಸರಿಯೇ ಎಂದು ಕೇಳಿದರು. ಸರಿ, ಆದರೆ 'ಇಂಗ್ಲೆಂಡಿನಲ್ಲೇ ಇಂಥ ಮೂರ್ಖ ಇನ್ನೊಬ್ಬನಿಲ್ಲ' ಎಂದೂ ಸೇರಿಸಿ ಎಂದೆ. ಎರಡನೆಯವನಾಗಿ ಅಭ್ಯಾಸವಿಲ್ಲ ನನಗೆ. ಅದನ್ನು ಕಡತದಲ್ಲಿ ಸೇರಿಸಲಾಗದು ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆಮೇಲೆ ಗೇಟು ತಳ್ಳಿಕೊಂಡು, ಗೋಡೆಯ ಗೆರೆಯ ಮೇಲೆ ಕೈಯಾಡಿಸುತ್ತ, ಸಂದಿಯ ಆ ತುದಿಯವರೆಗೆ ಒಬ್ಬರೇ ನಡೆದು ಹೋದರು. ಗೆರೆ ಯಾರದು ಎಂದು ತಿರುಗಿ ಬಂದು ಕೇಳಿದರು. ನೆಲ್ ನನ್ನ ಕಡೆ ನೋಡಿದಳು. ಕಲ್ಲಿದ್ದಲಿನ ಮೂಟೆಗಳದು ಸರ್, ಎಂದೆ.

ತೀರ್ಪು ಬರಲು ವಾರಗಳೇ ಹಿಡಿಯುತ್ತವಂತೆ. ಬಂದರೆ ಮೊದಲು ನಿನ್ನ ಕಚೇರಿಗೇ ಬರುತ್ತದೆ. ಸೋತರೆ ಫೋನಿನಲ್ಲಿ ಹೇಳಬೇಡ, ಬರೆದು ತಿಳಿಸು. ಪಬ್ಬಿಗೆ ಹೋಗಿ ಗೋಡೆಯ ಫೋಟೋ ಕಿತ್ತು ತಂದಿದ್ದೇನೆ. ಅಲ್ಲಿ ಗೋಡೆಯ ಬಣ್ಣ ಚೌಕವಾಗಿ ಉಳಿದುಕೊಂಡು ಬಿಟ್ಟಿದೆ. ಎಲ್ಲರೂ ಬೀರು ಕುಡಿಯುತ್ತ ಅದನ್ನೇ ನೋಡುತ್ತಾರೆ. ನಾನು ಈಗ ಆ ಪಬ್ಬಿಗೆ ಹೋಗುತ್ತಿಲ್ಲ.

ಕಾಲು ಜೋಪಾನ. ಡೋರಾಗೆ ಹೇಳು, ನೆರೆಯವರಿಗೆ ಓದುವಾಗ ಬೀಗ ಬೂಟಿನ ಮೇಲೆ ಬಿದ್ದ ಜಾಗವನ್ನು ಮೆಲ್ಲಗೆ ಓದಲಿ.

ಎಂದೆಂದಿಗೂ ನಿನ್ನ ಹಿತವನ್ನೇ ಬಯಸುವ,
ಸೋದರಮಾವ
ಏಮಸ್ ಥ್ವೇಟ್

ಮರೆತದ್ದು (ಆಗಸ್ಟ್ ತಿಂಗಳಲ್ಲಿ ಬರೆಯುತ್ತಿರುವುದು): ಈ ಕಾಗದವನ್ನು ಅಂಚೆಗೆ ಹಾಕಲು ನಾಚಿಕೆಯಾಗಿ ಗಡಿಯಾರದ ಹಿಂದೆ ತುರುಕಿಟ್ಟಿದ್ದೆ. ಅಷ್ಟರಲ್ಲಿ ತೀರ್ಪು ಬಂತು, ಕುರುಡಿ ಪೆಗ್ ಸಂದಿ ಊರಿನ ದಾರಿ ಎಂದು ನೀನೇ ಫೋನಿನಲ್ಲಿ ಕೂಗಿದೆ. ನೆಲ್ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸಿಬಿಟ್ಟಿದ್ದಾಳೆ. ಏರಿಸಿದವನು ನಾನು. ಆದರೆ ಒಂದು ಸಂಗತಿಯನ್ನು ಮೇಲೆ ಬರೆಯಲೇ ಇಲ್ಲ, ಬೇಕೆಂದೇ ಬಿಟ್ಟಿದ್ದೆ. ಪಿನ್ನು ನೆಲ್‌ಳದು. ಪ್ರತಿ ಗುಡ್‌ಫ್ರೈಡೇ ಬೆಳಿಗ್ಗೆ ಅವಳ ಬಾಗಿಲಿಗೆ ಹೋಗಿ ಪಿನ್ನೊಂದು ಕೊಡು ಎಂದು ಕೇಳುತ್ತಿದ್ದೆ. ಅವಳು ತುರುಬಿನಿಂದಲೇ ತೆಗೆದು ಕೊಡುತ್ತಿದ್ದಳು. ಹೋದ ವರ್ಷದ್ದು ಇರುತ್ತಿತ್ತು, ಆದರೂ ಕೇಳುತ್ತಿದ್ದೆ. ಬೀಗ ಖಾಲಿ ಎಂದು ಅವಳಿಗೆ ಮೊದಲ ವರ್ಷದಿಂದಲೇ ಗೊತ್ತಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ನಿನ್ನೆ ಕೇಳಿದೆ. "ಹೇಳಿದ್ರೆ ಪಿನ್ನು ಕೇಳೋಕೆ ಬರ್ತಿದ್ದೆಯಾ?" ಎಂದು ಅಂಗಿಯ ತೋಳಿಗೆ ಹೊಲಿಗೆ ಹಾಕುತ್ತಲೇ ಹೇಳಿದಳು. ಮುಂದಿನ ಗುಡ್‌ಫ್ರೈಡೇಗೂ ಒಂದು ಪಿನ್ನು ಬೇಕು ಎಂದೆ. ಗೇಟಿಗೆ ಇನ್ನು ಬೀಗವೇ ಇಲ್ಲ, ಪಿನ್ನು ಯಾಕೆ ಮಹಾರಾಯ ಎಂದಳು. ಬಾಗಿಲಲ್ಲಿ ಟೋಪಿ ತಿರುವುತ್ತ ಸುಮ್ಮನೆ ನಿಂತೆ. ನಾನು ಅಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ಅವಳು ಎಂದೂ ನೋಡಿರಲಿಲ್ಲ ಬೆರಿಲ್. ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿ, ಅವಳೇ ಅರ್ಥ ಮಾಡಿಕೊಂಡಳು. ನಮ್ಮ ಮದುವೆಗೆ ಡೋರಾಗೆ ಹೊಸ ಟೋಪಿ ಕೊಳ್ಳಲು ಹೇಳು. ಚರ್ಚಿಗೆ ಸಂದಿಯಲ್ಲೇ ಹೋಗುತ್ತೇವೆ, ಅಗಲದ ಟೋಪಿ ಬೇಡ.